ಮನೆಯಾಟಗಳ ಗುಣದೋಷವಿಚಾರ

೧

ಪುಸ್ತಕಗಳ ಗುಣದೋಷಗಳನ್ನು ವಿಚಾರಮಾಡತಕ್ಕ ಪುಟಗಳಲ್ಲಿ ಆಟಗಳ ಪ್ರಸ್ತಾಪವನ್ನು ತಂದಿರುವುದಕ್ಕಾಗಿ ಮೊದಲಿಗೇ ವಾಚಕ ಮಹಾಶಯರ ಕ್ಷಮೆಯನ್ನು ಬೇಡುತ್ತೇನೆ. ಮೂವತ್ತು ವರ್ಷಕ್ಕೆ ಮಿಗಿಲಾಗಿ ಹುಡುಗರಿಗೆ ಶಬ್ದರೂಪಗಳನ್ನೂ ಛಂದಸ್ಸನ್ನೂ ಹೇಳಿಕೊಟ್ಟವನೊಬ್ಬನು ಈಗ ಕವಡೆಗಳ ಮುಂದೆ ಕುಳಿತಿದ್ದಾನೆಂದರೆ, ಇವನ ಬುದ್ಧಿಗೂ ನಿವೃತ್ತಿಯಾಯಿತೆಂದು ಕೆಲವರು ಎಣಿಸಬಹುದು. ಹಾಗೆ ಎಣಿಸುವವರ ಗುಂಪಿನಲ್ಲಿ ಕೆಲವು ಕಾಲದ ಹಿಂದೆ ನಾನೂ ಒಬ್ಬನಾಗಿದ್ದೆನು.

ಅಧ್ಯಾಪಕನಾಗಿದ್ದಾಗ, ಸುಮಾರು ಮೂವತ್ತು ವರ್ಷಗಳ ಹಿಂದೆ, ಶಾಲೆಯ ಹಿಂಭಾಗದ ಬೇವಿನ ಮರದ ಕೆಳಗೆ ಇಸ್ಪೀಟಾಡುತ್ತಿದ್ದ ನಾಲ್ವರು ಹುಡುಗರನ್ನು ಹಿಡಿದು, ಅವರ ಎಲೆಗಳನ್ನು ಅವರ ಕೈಯಿಂದಲೇ ಬೆಂಕಿಗೆ ಹಾಕಿಸಿದೆನು. ಹಣವಿಟ್ಟು ಆಡುತ್ತಿದ್ದರೋ ಸುಮ್ಮನೆ ಆಡುತ್ತಿದ್ದರೋ ಎಂದು ಕೇಳಲಿಲ್ಲ. ಆಟವೆಂದರೆ ದ್ಯೂತ, ದ್ಯೂತವೆಂದರೆ ವ್ಯಸನ. ನನ್ನ ತರ್ಕವು ಅಷ್ಟಕ್ಕೇ ಮುಗಿದಿದ್ದಿತು. ಆ ನಾಲ್ವರಲ್ಲಿ ಒಬ್ಬನು, ಈಗ ನಲವತ್ತು ದಾಟಿದ ಸಂಸಾರಿ, ಒಂದು ದಿನ ಕೆಂಗೇರಿಯಿಂದ ವಿಜಯನಗರದ ನಮ್ಮ ಮನೆಗೆ ಬಂದನು. ಮೊಬೈಲಿನಲ್ಲಿ ಹಣ ಕಟ್ಟಿ ರಮ್ಮಿಯಾಡಿ, ಎರಡು ವರ್ಷದ ಸಂಬಳದಷ್ಟು ಸಾಲವನ್ನು ಮಾಡಿಕೊಂಡಿದ್ದನು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, “ಮೇಷ್ಟ್ರೇ, ಅದು ಜೂಜಲ್ಲವಂತೆ, ಕೌಶಲದ ಆಟವಂತೆ, ಕೋರ್ಟೇ ಹಾಗೆ ಹೇಳಿದೆಯಂತೆ. ನನಗೆ ಆಟ ಚೆನ್ನಾಗಿಯೇ ಬರುತ್ತದೆ. ಹಾಗಾದರೆ ನಾನು ತಪ್ಪಿದ್ದು ಎಲ್ಲಿ?” ಎಂದು ಕೇಳಿದನು.

ನನಗೆ ಉತ್ತರವು ಹೊಳೆಯಲಿಲ್ಲ. ಒಂದು ದಿನವಾದರೂ ಆಡದವನು ಆಟದ ವಿಷಯವಾಗಿ ತೀರ್ಪು ಹೇಳುವುದು, ಓದದ ಕಾವ್ಯಕ್ಕೆ ವಿಮರ್ಶೆ ಬರೆದಂತೆ. ಆದಕಾರಣ ಒಂದು ವಿಜಯದಶಮಿಯಿಂದ ಮರುವಿಜಯದಶಮಿಯವರೆಗೆ ಭಾನುವಾರದ ಸಂಜೆಗಳನ್ನು ಇದಕ್ಕೆಂದೇ ಮೀಸಲಿಟ್ಟು, ನಡುಮನೆಯಲ್ಲಿ ಚಾಪೆ ಹಾಸಿ ಕುಳಿತೆನು. ಜೊತೆಗೆ ಕುಳಿತವರು ನಮ್ಮ ಮನೆಯವರು. ಹತ್ತು ವರ್ಷದ ಮೊಮ್ಮಗಳು. ಅಂಚೆಯ ಇಲಾಖೆಯಿಂದ ನಿವೃತ್ತರಾದ ನೆರೆಮನೆಯ ರಾಯರು. ಬಸವೇಶ್ವರನಗರದಲ್ಲಿರುವ ನಮ್ಮ ಅಳಿಯಂದಿರು. ಈ ಅಳಿಯಂದಿರಿಗೆ ದೇಶವಿದೇಶಗಳ ಆಟದ ಪೆಟ್ಟಿಗೆಗಳನ್ನು ಕೂಡಿಡುವ ಹವ್ಯಾಸ. ಅವರ ಮನೆಯ ಒಂದು ಬೀರು ಪೂರ್ತಿಯಾಗಿ ಅವುಗಳಿಂದಲೇ ತುಂಬಿದೆ. ಆ ಒಂದು ವರ್ಷದ ಆಟಗಳಲ್ಲಿ ನನಗೆ ಮೆಚ್ಚಿಕೆಯಾದವು ಯಾವುವು, ಏಕೆ ಮೆಚ್ಚಿಕೆಯಾದವು ಎಂಬುದನ್ನು ಯಥಾಮತಿ ನಿವೇದಿಸುತ್ತೇನೆ.

೨

ಅಳೆಯುವುದಕ್ಕೆ ಮೊದಲು ಅಳತೆಗೋಲು ಬೇಕಷ್ಟೆ. ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸಲು ನಮ್ಮ ಹಿಂದಿನವರು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ಹೇಳಿರುವರು. ಪಾಠಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡುತ್ತಿದ್ದಾಗ, ಮುಂದೊಂದು ದಿನ ಇವು ಚೌಕಾಬಾರದ ಹಾಸಿನ ಮೇಲೆ ಉಪಯೋಗಕ್ಕೆ ಬಂದಾವೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆರರಲ್ಲಿ ಮೂರು ನಮಗೆ ಸಾಕು.

ಉಪಕ್ರಮೋಪಸಂಹಾರವೆಂದರೆ ಆಟದ ಮೊದಲು ಮತ್ತು ಕೊನೆ. ಎಲ್ಲರೂ ಸಮವಾಗಿ ತೊಡಗುವರೇ? ಆಟವು ನಿಜವಾಗಿ ಮುಗಿಯುವುದೇ? ಅಭ್ಯಾಸವೆಂದರೆ ಮರಳಿ ಮರಳಿ ಬರುವ ನಡೆ. ಅದರಲ್ಲಿ ದೈವಕ್ಕೆಷ್ಟು ಪಾಲು, ಪುರುಷಕಾರಕ್ಕೆಷ್ಟು ಪಾಲು? ಫಲವೆಂದರೆ ಗೆದ್ದವನು ಎತ್ತಿಕೊಂಡು ಹೋಗುವುದು. ಅವನು ಏನನ್ನು ಕೊಂಡೊಯ್ಯುವನು? ಸೋತವನು ಮತ್ತೆ ಕುಳಿತುಕೊಳ್ಳುವ ಸ್ಥಿತಿಯಲ್ಲಿರುವನೇ?

ನಮ್ಮ ಕಾಲದ ನ್ಯಾಯಶಾಸ್ತ್ರವು ಎರಡನೆಯ ಪ್ರಶ್ನೆಯೊಂದನ್ನೇ ಮುಖ್ಯವಾಗಿ ಹಿಡಿದು ನಡೆದಿದೆ. ೧೯೬೭ರಲ್ಲಿ ಸರ್ವೋಚ್ಚ ನ್ಯಾಯಾಲಯವು, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡುವುದಕ್ಕೂ ಎಲೆಗಳನ್ನು ಇಟ್ಟುಕೊಳ್ಳುವ ಬಿಡುವ ವಿವೇಕಕ್ಕೂ ಅವಕಾಶವಿರುವುದರಿಂದ ಅದು ಪ್ರಧಾನವಾಗಿ ಕೌಶಲದ ಆಟವೆಂದು ಹೇಳಿತು. ನನ್ನ ಶಿಷ್ಯನು ಹಿಡಿದುಕೊಂಡು ಬಂದದ್ದು ಈ ಮಾತನ್ನೇ. ಆ ಮಾತು ಸುಳ್ಳಲ್ಲ. ಆದರೆ ಅದೊಂದೇ ಸಾಲುವುದೋ ಎಂಬುದು ವಿಚಾರಾರ್ಹ.

೩

ಮೊದಲು ಎರಡು ಕೊನೆಗಳನ್ನು ನೋಡೋಣ: ಬರಿಯ ದೈವದ ಆಟವೊಂದು, ಬರಿಯ ಪುರುಷಕಾರದ ಆಟವೊಂದು.

ಪರಮಪದಸೋಪಾನಪಟದಲ್ಲಿ ಏಣಿಗಳು ಪುಣ್ಯಗಳು, ಹಾವುಗಳು ಪಾಪಗಳು, ತುದಿಯಲ್ಲಿ ವೈಕುಂಠ. ಇದೇ ಆಟವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಗಿ, ಧರ್ಮವನ್ನು ಕ್ರಮೇಣ ಕಳೆದುಕೊಂಡು, ಬರಿಯ ಹಾವು-ಏಣಿಯಾಗಿ ಮರಳಿ ಬಂದಿತು. ನೋಡುವುದಕ್ಕೆ ಪಟವು ಬಹು ಸೊಗಸು. ಆದರೆ ಆಡುವವನು ನಿಶ್ಚಯಿಸತಕ್ಕದ್ದು ಇದರಲ್ಲಿ ಏನೂ ಇಲ್ಲ. ದಾಳವು ಹೇಳಿದಲ್ಲಿಗೆ ಕಾಯಿಯನ್ನು ಸರಿಸುವುದಷ್ಟೇ ಅವನ ಕೆಲಸ. ಮೊಮ್ಮಗಳು ಒಂದು ದಿನ, “ತಾತ, ನಾನು ದಾನ ಮಾಡಲೇ ಇಲ್ಲವಲ್ಲ, ದಾಳ ಬಿದ್ದುದರಿಂದ ಏಣಿ ಹತ್ತಿದೆ, ಇದು ಪುಣ್ಯ ಹೇಗಾಯಿತು?” ಎಂದು ಕೇಳಿದಳು. ಈ ಪೂರ್ವಪಕ್ಷಕ್ಕೆ ಸಿದ್ಧಾಂತವು ನನ್ನಲ್ಲಿರಲಿಲ್ಲ. ಸಂಕಲ್ಪವಿಲ್ಲದೆ ಬಂದುದು ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಇದು ಗೋಡೆಗೆ ಹಾಕತಕ್ಕ ಚಿತ್ರ. ಆಟವಾಗಿ ಶಿಶುಗಳಿಗೆ ಮಾತ್ರ.

ಎದುರು ಕೊನೆಯಲ್ಲಿರುವುದು ಚದುರಂಗ. ಇದರ ಕುಲೀನತೆಯನ್ನು ಯಾರೂ ಅಲ್ಲಗಳೆಯಲಾರರು. ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಇದರ ವಿವರಣೆಯಿದೆ. ಆಲಂಕಾರಿಕರಿಗೂ ಇದರ ಪರಿಚಯವಿದ್ದಿತು. ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ತುರಗಪದವೆಂಬ ಚಿತ್ರಬಂಧವನ್ನು ತೋರಿಸಿರುವನು. ಶ್ಲೋಕದ ಅಕ್ಷರಗಳನ್ನು ಅರ್ಧಹಾಸಿನ ೩೨ ಮನೆಗಳಲ್ಲಿ ಬರೆದು ಕುದುರೆಯ ನಡೆಯಲ್ಲಿ ಓದಿದರೂ ಶ್ಲೋಕವು ಸಿದ್ಧಿಸುವುದು. ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿಯೂ ಅಂತಹ ರಚನೆಯುಂಟು. ಈ ಕುದುರೆಯ ನಡೆಯನ್ನೇ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಪೂರ್ಣವಾದ ೬೪ ಮನೆಗಳಿಗೆ ಹಿಡಿಸಿ, ಒಂದೊಂದು ಮನೆಯನ್ನು ಒಂದೊಂದೇ ಸಲ ಮುಟ್ಟಿ ಬರುವ ಹಲವು ಬಂಧಗಳನ್ನು ರಚಿಸಿದರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲಾಗಿದೆ. ೧೮೩೧ರಲ್ಲಿ ಆಂಗ್ಲರು ಆಡಳಿತವನ್ನು ಕೈಗೆ ತೆಗೆದುಕೊಂಡ ಬಳಿಕ, ೧೮೬೮ರಲ್ಲಿ ದಿವಂಗತರಾಗುವವರೆಗೂ ಆ ದೊರೆಗೆ ರಾಜ್ಯವಿದ್ದೂ ರಾಜ್ಯಭಾರವಿರಲಿಲ್ಲ. ಸೈನ್ಯವನ್ನು ನಡೆಯಿಸಲಾರದ ಅರಸನು ಹಾಸಿನ ಮೇಲೆ ಕುದುರೆಯನ್ನು ನಡೆಯಿಸಿದನೆಂಬುದನ್ನು ನೆನೆದರೆ, ಆ ಬಂಧಗಳ ಸೊಗಸಿನಲ್ಲಿಯೂ ಏನೋ ಒಂದು ವ್ಯಥೆಯು ಕಾಣುವುದು.

ಇಷ್ಟಿದ್ದರೂ ಮನೆಯಾಟವಾಗಿ ಚದುರಂಗಕ್ಕೆ ನಾನು ಮೊದಲ ಮಣೆಯನ್ನು ಹಾಕಲಾರೆನು. ಇದರಲ್ಲಿ ದೈವಕ್ಕೆ ಲೇಶವೂ ಎಡೆಯಿಲ್ಲ. ಆದುದರಿಂದ ಹೆಚ್ಚು ಬಲ್ಲವನು ಕಡಿಮೆ ಬಲ್ಲವನನ್ನು ಪ್ರತಿಸಲವೂ ಸೋಲಿಸುವನು. ಮೊಮ್ಮಗಳು ರಾಜಾಜಿನಗರದಲ್ಲಿ ಚದುರಂಗದ ಪಾಠಕ್ಕೆ ಹೋಗುವವಳು. ನನ್ನ ಸೋಲುಗಳ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯವರಂತೂ ಎರಡನೆಯ ವಾರವೇ, “ಇದು ನಿಮಗಿಬ್ಬರಿಗೆ, ನಾನು ಒಲೆಯ ಕಡೆ ನೋಡುತ್ತೇನೆ,” ಎಂದು ಎದ್ದುಬಿಟ್ಟರು. ವಿದ್ವತ್ಸಭೆಗೆ ಭೂಷಣವಾದುದು ನಡುಮನೆಗೆ ಭೂಷಣವಾಗಲೇಬೇಕೆಂದಿಲ್ಲ.

೪

ದೈವವಿಲ್ಲದ ಮತ್ತೆರಡು ಆಟಗಳನ್ನು ನಮ್ಮ ಹಳ್ಳಿಗಳು ಬಲ್ಲವು.

ಅಳಗುಳಿಮಣೆಯಲ್ಲಿ ಸಾಲಿಗೆ ಏಳರಂತೆ ೧೪ ಗುಳಿ. ನಮ್ಮ ಮನೆಯ ಪದ್ಧತಿಯಲ್ಲಿ ಗುಳಿಗೆ ಐದರಂತೆ ೭೦ ಹುಣಿಸೆಬೀಜ. ಒಂದು ಗುಳಿಯಿಂದ ಎತ್ತಿ ಒಂದೊಂದಾಗಿ ಹಂಚುತ್ತ ಹೋಗಿ, ಕೈ ಬರಿದಾದಾಗ ಮುಂದಿನ ಗುಳಿಯಿಂದ ಮತ್ತೆ ಎತ್ತುವುದು. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ಆಡಿದವರ ಪಾಲು. ಎಣಿಕೆಯನ್ನು ಕಣ್ಣಿನಲ್ಲಿಯೇ ಮಾಡುವ ಈ ವಿದ್ಯೆಯಲ್ಲಿ ನಮ್ಮ ಮನೆಯವರಿಗೆ ಸಮಾನರಿಲ್ಲ. ಲೆಕ್ಕವನ್ನು ಶಾಲೆಯಲ್ಲಿ ಕಲಿತ ರಾಯರು ಬೆರಳು ಮಡಿಸಿ ಎಣಿಸುವಷ್ಟರಲ್ಲಿ ಇವರು ಹಂಚಿ ಮುಗಿಸಿರುತ್ತಾರೆ.

ಇದರ ದೋಷವು ಎರಡನೆಯ ಸುತ್ತಿನಲ್ಲಿ ತೋರುವುದು. ಮೊದಲ ಸುತ್ತಿನಲ್ಲಿ ಸೋತವರು ತಮ್ಮಲ್ಲಿ ಉಳಿದ ಬೀಜಗಳಿಂದ ಎಷ್ಟು ಗುಳಿಗಳನ್ನು ತುಂಬಬಲ್ಲರೋ ಅಷ್ಟನ್ನೇ ತುಂಬಬೇಕು, ಮಿಕ್ಕವು ಮುಚ್ಚಿದಂತೆ. ಬಡವನು ಇನ್ನಷ್ಟು ಬಡವನಾಗಿ, ಸಿರಿವಂತನು ಇನ್ನಷ್ಟು ಸಿರಿವಂತನಾಗಿ, ಒಬ್ಬರು ಪೂರ್ತಿ ಬರಿಗೈಯಾಗುವವರೆಗೂ ಆಟವು ನಿಲ್ಲದು. ಅಂದರೆ ಒಂದು ಆಟದ ಫಲವು ಮುಂದಿನ ಆಟದ ಉಪಕ್ರಮವನ್ನೇ ಕೆಡಿಸುತ್ತದೆ. ಈ ಗುಟ್ಟು ಜನಪದಕ್ಕೆ ತಿಳಿಯದೆ ಇರಲಿಲ್ಲ. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆಮಣೆಯಾಡುತ್ತ ಜಗಳವಾಗಿ, ಒಬ್ಬಳು ಆ ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಂದು, ತಾನೂ ನೀರಿಗೆ ಹಾರುತ್ತಾಳೆ. ಒಂದೇ ಬಸಿರಲ್ಲಿ ಹುಟ್ಟಿದವರನ್ನು ಕೂಡ ಅಗಲಿಸಬಲ್ಲ ಆಟವೆಂದು ಆ ಕಥೆಯು ಎಚ್ಚರಿಸುವುದೆಂದೇ ನಾನು ತಿಳಿಯುತ್ತೇನೆ. ನಮ್ಮಲ್ಲಿ ಈಗ ಪ್ರತಿ ಸುತ್ತಿಗೂ ಗುಳಿಗಳನ್ನು ಹೊಸದಾಗಿ ತುಂಬಿಕೊಳ್ಳುತ್ತೇವೆ. ಆಟವು ಸ್ವಲ್ಪ ಸಪ್ಪೆಯಾಯಿತೆಂದು ಮನೆಯವರ ಆಕ್ಷೇಪ.

ಆಡು-ಹುಲಿಯ ಆಟವು ಇದಕ್ಕಿಂತ ವಿಚಿತ್ರವಾದುದು. ಇಲ್ಲಿ ಉಪಕ್ರಮವೇ ವಿಷಮ: ಒಬ್ಬನಿಗೆ ಮೂರು ಹುಲಿ, ಇನ್ನೊಬ್ಬನಿಗೆ ೧೫ ಆಡು, ನಿಲ್ಲುವುದಕ್ಕೆ ೨೩ ಸಂಧಿಗಳು. ಹುಲಿಯು ಆಡನ್ನು ಹಾರಿ ಕೊಲ್ಲುವುದು. ಆಡುಗಳು ಕೊಲ್ಲಲಾರವು, ಸುತ್ತುಗಟ್ಟಿ ಹುಲಿಯ ನಡೆಯನ್ನು ನಿಲ್ಲಿಸಬಲ್ಲವು. ನಮ್ಮ ಬಡಾವಣೆಗೆ ಯಾವ ಸಾಮ್ರಾಜ್ಯದ ಹೆಸರನ್ನಿಟ್ಟಿರುವರೋ ಅದರ ರಾಜಧಾನಿಯಾದ ಹಂಪೆಯ ಕಲ್ಲುಹಾಸುಗಳ ಮೇಲೆ ಈ ಆಟದ ಗೆರೆಗಳನ್ನು ಇಂದಿಗೂ ಕಾಣಬಹುದು. ಕೂಲಿಯವನೋ, ಕಾವಲಿನವನೋ, ದೇವರ ಸೇವೆಗೆ ಬಂದು ಬಿಸಿಲು ಇಳಿಯಲೆಂದು ಕಾದವನೋ ಕೊರೆದಿರಬೇಕು. ಒಂದು ಸಲ ಹುಲಿಯಾದವನು ಮುಂದಿನ ಸಲ ಆಡಾಗಬೇಕೆಂಬ ಕಟ್ಟನ್ನು ನಾವು ಇಟ್ಟುಕೊಂಡುದರಿಂದ ವೈಷಮ್ಯದ ದೋಷವು ನೀಗಿತು. ಮೊಮ್ಮಗಳು ಮೊದಲು ಹುಲಿಯೇ ಬೇಕೆಂದು ಹಟಮಾಡುತ್ತಿದ್ದಳು, ನಾಲ್ಕು ತಿಂಗಳ ತರುವಾಯ, “ತಾತ, ಆಡೇ ಚೆನ್ನ, ಎಲ್ಲ ಸೇರಿದರೆ ಗೆಲ್ಲುತ್ತವೆ,” ಎಂದಳು. ಪಾಠಪುಸ್ತಕದಲ್ಲಿ ಈ ನೀತಿಯನ್ನು ನಾನು ಹಲವು ಸಲ ಬೋಧಿಸಿದ್ದೇನೆ. ಇಷ್ಟು ಬೇಗ ಹಿಡಿದವರನ್ನು ಕಂಡಿಲ್ಲ.

೫

ಇನ್ನು ನನ್ನ ಪಕ್ಷಪಾತವನ್ನು ಮುಚ್ಚಿಡದೆ ಹೇಳುವೆನು. ಒಂದು ವರ್ಷದ ಪರೀಕ್ಷೆಯಲ್ಲಿ ಪ್ರಥಮಸ್ಥಾನವು ಚೌಕಾಬಾರಕ್ಕೆ ಸಲ್ಲತಕ್ಕದ್ದು.

ಸೀಮೆಸುಣ್ಣದಲ್ಲಿ ಬರೆದ ೨೫ ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆಯ ಚೂರು, ಹುಣಿಸೆಬೀಜ, ಕಡಲೆಕಾಳು ಏನಾದರೂ ಆದೀತು. ಹೊರಗಿನ ೧೬ ಮನೆಗಳನ್ನು ಒಂದು ದಿಕ್ಕಿಗೆ ಸುತ್ತಿ, ಒಳಗಿನ ಎಂಟನ್ನು ಎದುರು ದಿಕ್ಕಿಗೆ ಸುತ್ತಿ, ನಡುಮನೆಗೆ ಬಂದರೆ ಕಾಯಿ ಹಣ್ಣಾಯಿತು. ಗೆಲವಿಗೆ ಹಣ್ಣಾಗುವುದೆಂದು ಹೆಸರಿಟ್ಟವನಾರೋ ತಿಳಿಯದು. ಅವನು ಕವಿಯೆಂಬುದರಲ್ಲಿ ಸಂದೇಹವಿಲ್ಲ. ಒಂದಾದರೂ ಕಾಯಿಯನ್ನು ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂಬ ಕಟ್ಟು ನಮ್ಮಲ್ಲಿದೆ. ಆದುದರಿಂದ ಯಾರಿಗೂ ಮುಟ್ಟದೆ ತನ್ನ ಪಾಡಿಗೆ ತಾನು ನಡೆದುಹೋಗುವ ಹಂಚಿಕೆ ಇಲ್ಲಿ ನಡೆಯದು.

ದೈವ-ಪುರುಷಕಾರಗಳ ತೂಕವನ್ನು ಇಲ್ಲಿ ನೋಡಬೇಕು. ಕವಡೆಯು ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದಿಟ್ಟುಕೊಂಡರೆ ನಾಲ್ಕು ಕವಡೆಗಳು ೧೬ ಬಗೆಯಲ್ಲಿ ಬೀಳಬಲ್ಲವು. ಅವುಗಳಲ್ಲಿ ಎರಡು ಬೀಳುವುದು ಆರು ಬಗೆ. ಒಂದು ಬೀಳುವುದು ನಾಲ್ಕು ಬಗೆ, ಮೂರು ಬೀಳುವುದೂ ನಾಲ್ಕು ಬಗೆ. ಚೌಕವೆಂಬ ನಾಲ್ಕಕ್ಕೆ ಒಂದೇ ಬಗೆ, ಬಾರವೆಂಬ ಎಂಟಕ್ಕೂ ಒಂದೇ ಬಗೆ. ಆದುದರಿಂದ ಶತ್ರುವಿನ ಕಾಯಿಗಿಂತ ಎರಡು ಮನೆ ಮುಂದೆ ನಿಂತವನಿಗೆ ಅಪಾಯವು ಹೆಚ್ಚು. ನಾಲ್ಕು ಮನೆ ಮುಂದೆ ನಿಂತವನಿಗೆ ಕಡಿಮೆ. ನಮ್ಮ ಮನೆಯವರು ಈ ಲೆಕ್ಕವನ್ನು ಎಂದೂ ಬರೆದವರಲ್ಲ. “ಎರಡಕ್ಕೆ ನಿಲ್ಲಬಾರದು” ಎಂದು ಅವರ ತಾಯಿಯಿಂದ ಕಲಿತವರು. ಕವಡೆ ಏನು ಬೀಳಬೇಕೆಂಬುದು ಆಡುವವರ ಕೈಯಲ್ಲಿಲ್ಲ. ಬಿದ್ದುದನ್ನು ನಾಲ್ಕು ಕಾಯಿಗಳಲ್ಲಿ ಯಾವುದಕ್ಕೆ ಕೊಡಬೇಕೆಂಬುದು ಕೈಯಲ್ಲಿದೆ. ಮನುಷ್ಯನ ಬಾಳಿಗೆ ಇದಕ್ಕಿಂತ ಹತ್ತಿರದ ಉಪಮಾನವನ್ನು ನಾನು ಕಂಡಿಲ್ಲ.

ಈ ತೂಕದ ಫಲವಾಗಿ ಏನಾಯಿತೆಂದರೆ, ಹತ್ತರ ಹುಡುಗಿಯೂ ಅರುವತ್ತು ದಾಟಿದ ಅಜ್ಜಿಯೂ ಲೆಕ್ಕಪತ್ರದ ರಾಯರೂ ಒಂದೇ ಹಾಸಿನಲ್ಲಿ ಕುಳಿತು, ಪ್ರತಿಯೊಬ್ಬರೂ ಗೆಲ್ಲುವ ಆಸೆಯನ್ನು ಕೊನೆಯವರೆಗೂ ಇಟ್ಟುಕೊಂಡಿದ್ದರು. ಬಲ್ಲವರು ಹೆಚ್ಚು ಸಲ ಗೆದ್ದರು; ಅರಿಯದವರು ಎಂದೂ ಗೆಲ್ಲದೆ ಇರಲಿಲ್ಲ. ಸೋತವನು ಕವಡೆಯನ್ನು ಬಯ್ಯಬಹುದು, ಗೆದ್ದವನು ತನ್ನ ಬುದ್ಧಿಯನ್ನು ಹೊಗಳಿಕೊಳ್ಳಬಹುದು. ಇಬ್ಬರ ಮಾನವೂ ಉಳಿಯಿತು. ಆಟ ಮುಗಿದೊಡನೆ ಒದ್ದೆಬಟ್ಟೆಯಿಂದ ಗೆರೆಗಳನ್ನು ಒರಸಿದರೆ ಹಿಂದಿನ ಸೋಲುಗೆಲವುಗಳ ಗುರುತೇ ಇಲ್ಲ.

೬

ಎಲೆಯಾಟಗಳಲ್ಲಿ ಮೊದಲು ಹೇಳತಕ್ಕದ್ದು ಗಂಜೀಫ. ಬಾಬರನು ೧೫೨೭ರಲ್ಲಿ ಸಿಂಧಿನ ಅರಸನಿಗೆ ಗಂಜೀಫವನ್ನು ಕಳುಹಿಸಿದನೆಂದು ಅವನ ಆತ್ಮಕಥೆಯಲ್ಲಿದೆ. ಹೊರಗಿನಿಂದ ಬಂದ ಈ ಆಟಕ್ಕೆ ನಮ್ಮವರು ದಶಾವತಾರಗಳನ್ನು ತೊಡಿಸಿ ತಮ್ಮದನ್ನಾಗಿ ಮಾಡಿಕೊಂಡರು. ಹತ್ತು ಬಣ್ಣ, ಬಣ್ಣಕ್ಕೆ ರಾಜ ಮಂತ್ರಿಗಳು ಸೇರಿ ೧೨ರಂತೆ ೧೨೦ ದುಂಡನೆಯ ಎಲೆಗಳು. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಹಗಲಿನಲ್ಲಿ ರಾಮನನ್ನು ಹಿಡಿದವನು ಆಟವನ್ನು ತೊಡಗುವನು, ಇರುಳಿನಲ್ಲಿ ಕೃಷ್ಣನನ್ನು ಹಿಡಿದವನು. ಮುಮ್ಮಡಿಯವರು ಇದನ್ನೂ ಬೆಳೆಯಿಸಿ, ೩೬ರಿಂದ ೩೬೦ ಎಲೆಗಳವರೆಗಿನ ಹದಿಮೂರು ಚದಗಳನ್ನು ಕಲ್ಪಿಸಿದರು. ಅವು ಅರಮನೆಯ ಹೊರಗೆ ಹೆಚ್ಚಾಗಿ ಹರಡಿದಂತೆ ತೋರುವುದಿಲ್ಲ. ಅಳಿಯಂದಿರು ಸಾವಂತವಾಡಿಯಲ್ಲಿ ಮಾಡಿದ ದಶಾವತಾರದ ಕಟ್ಟೊಂದನ್ನು ತಂದರು. ಮೂವರು ಕುಳಿತು ಒಬ್ಬೊಬ್ಬರು ೪೦ ಎಲೆಗಳನ್ನು ಹಿಡಿಯಬೇಕು. ಬಿದ್ದುಹೋದ ಎಲೆಗಳನ್ನೆಲ್ಲ ನೆನಪಿಡಬೇಕು. ಅಮರಕೋಶವನ್ನು ಬಾಯಲ್ಲಿಟ್ಟುಕೊಂಡ ನನಗೇ ಇದು ಭಾರವಾಯಿತು. ಎಲೆಗಳನ್ನು ನೋಡುತ್ತ ಕುಳಿತುದೇ ಹೆಚ್ಚು. ಮೈಸೂರಿನ ಗಂಜೀಫಕ್ಕೆ ಈಗ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಆದರೆ ಮನ್ನಣೆಯು ದೊರೆತುದು ಚಿತ್ರಕ್ಕೆ, ಆಡುವವರಂತೂ ವಿರಳ. ಶಬ್ದಾಲಂಕಾರವು ಮಿತಿಮೀರಿದ ಚಂಪುವಿನಂತೆ ಇದನ್ನು ಗೌರವಿಸಬಹುದು. ದಿನವೂ ಪಾರಾಯಣ ಮಾಡಲಾಗದು.

ಇದಕ್ಕೆ 反ಯಾಗಿ ಇಪ್ಪತ್ತೆಂಟು ಎಂಬ ಆಟವು ಬಡವನ ಮನೆಯ ಊಟದಂತೆ ಸರಳ, ರುಚಿಕರ. ಏಳರಿಂದ ಎಕ್ಕದವರೆಗಿನ ೩೨ ಎಲೆಗಳು; ನಾಲ್ವರು, ಎದುರುಬದುರು ಕುಳಿತವರು ಜೊತೆಗಾರರು. ಇಲ್ಲಿ ರಾಜನಿಗೂ ರಾಣಿಗೂ ಬೆಲೆಯಿಲ್ಲ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಬಣ್ಣಕ್ಕೆ ಏಳರಂತೆ ನಾಲ್ಕು ಬಣ್ಣಕ್ಕೆ ೨೮. ಹೆಸರೂ ಅದರಿಂದಲೇ ಬಂದುದು. ಗುಲಾಮನು ರಾಜನನ್ನು ಹೊಡೆಯುವ ಈ ವ್ಯವಸ್ಥೆಯು ಮೊಮ್ಮಗಳಿಗೆ ಅತ್ಯಂತ ಪ್ರಿಯವಾಯಿತು. ಕೂಗಿದವನು ತುರುಫನ್ನು ಮುಚ್ಚಿಡುವನು. ಜೊತೆಗಾರನು ಮಾತಿಲ್ಲದೆ ಅವನ ಮನಸ್ಸನ್ನು ತಿಳಿಯಬೇಕು. ನಲವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಮೇಲೆಯೂ ನನ್ನ ಮನಸ್ಸನ್ನು ನಮ್ಮ ಮನೆಯವರು ಎಷ್ಟು ಬಲ್ಲರು, ಅವರ ಮನಸ್ಸನ್ನು ನಾನು ಎಷ್ಟು ಕಡಿಮೆ ಬಲ್ಲೆನು ಎಂಬುದು ಈ ಆಟದಲ್ಲಿಯೇ ನನಗೆ ಸ್ಪಷ್ಟವಾದುದು. ದ್ವಿತೀಯಸ್ಥಾನವು ಇದಕ್ಕೆ.

ಅಳಿಯಂದಿರ ಬೀರುವಿನ ವಿದೇಶೀ ಆಟಗಳಲ್ಲಿ ಎರಡನ್ನು ಹೇಳಿ ಮುಗಿಸುವೆನು. ಜರ್ಮನಿಯ ಕ್ಲಾಸ್ ಟಾಯ್ಬರ್ ಎಂಬವರು ೧೯೯೫ರಲ್ಲಿ ಹೊರತಂದ ಕಟಾನ್ ಎಂಬುದರಲ್ಲಿ ೧೯ ಷಟ್ಕೋನಗಳ ದ್ವೀಪವೊಂದಿದೆ. ದಾಳಕ್ಕೆ ತಕ್ಕಂತೆ ಮರ, ಇಟ್ಟಿಗೆ, ಧಾನ್ಯಗಳು ದೊರೆಯುವುವು. ಇಲ್ಲದುದನ್ನು ಎದುರಾಳಿಗಳಿಂದಲೇ ಕೇಳಿ ಪಡೆಯಬೇಕು. ಶತ್ರುವಿನೊಡನೆ ನಗುತ್ತ ವ್ಯಾಪಾರ ಮಾಡಬೇಕಾದುದು ಇದರ ಗುಣ. ಮೊದಲು ಒಳ್ಳೆಯ ಜಾಗವನ್ನು ಹಿಡಿದವನೇ ಹೆಚ್ಚಾಗಿ ಮುಂದುವರಿಯುವುದು ಇದರ ದೋಷ. ಮತ್ತೊಂದು, ಫ್ರಾನ್ಸಿನ ಆಂತ್ವಾನ್ ಬೌಜಾ ರಚಿಸಿದ ಹನಾಬಿ. ಇದರಲ್ಲಿ ಎಲೆಗಳನ್ನು ಬೆನ್ನು ತನಗೆ, ಮುಖ ಇತರರಿಗೆ ಕಾಣುವಂತೆ ಹಿಡಿಯಬೇಕು. ತನ್ನ ಕೈಯಲ್ಲಿರುವುದು ತನಗೆ ತಿಳಿಯದು, ಉಳಿದವರೆಲ್ಲರಿಗೂ ತಿಳಿದಿದೆ. ಅವರು ಕೊಡುವ ಮಿತವಾದ ಸುಳಿವುಗಳಿಂದ ಎಲ್ಲರೂ ಕೂಡಿ ಗೆಲ್ಲಬೇಕು ಅಥವಾ ಕೂಡಿ ಸೋಲಬೇಕು. ತನ್ನ ದೋಷವನ್ನು ತಾನು ಕಾಣಲಾರದೆ ಲೋಕವು ಕಾಣುವುದೆಂಬ ಹಳೆಯ ಮಾತಿಗೆ ಇಷ್ಟು ಹೊಸ ನಿದರ್ಶನವು ಹೊರದೇಶದಿಂದ ಬಂದುದನ್ನು ಕಂಡು ಆಶ್ಚರ್ಯಪಟ್ಟೆನು. ಅಪೂರ್ವತೆಯೆಂಬ ಲಿಂಗದಲ್ಲಿ ಇದಕ್ಕೆ ಮೊದಲ ಬಹುಮಾನ.

೭

ಇನ್ನು ಶಿಷ್ಯನ ಪ್ರಶ್ನೆಗೆ ಬರೋಣ. ರಮ್ಮಿಯನ್ನೂ ನಾವು ಹಣವಿಲ್ಲದೆ ಹಲವು ಸಂಜೆ ಆಡಿದೆವು. ಆಟವಾಗಿ ಅದು ಮಧ್ಯಮ ವರ್ಗದ್ದು, ಕೆಟ್ಟುದಲ್ಲ. ಕೌಶಲವೂ ಇದೆ. ಹಾಗಾದರೆ ಅದೇ ಆಟವು ಅವನ ಕೈಯಲ್ಲಿ ವಿಷವಾದುದು ಹೇಗೆ?

ಕೌಶಲವಿದ್ದ ಮಾತ್ರಕ್ಕೆ ನಿರ್ದೋಷವೆಂದು ನಮ್ಮ ಪೂರ್ವಿಕರು ಎಂದೂ ಎಣಿಸಲಿಲ್ಲ. ನಳನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತನೆಂಬ ಕಥೆಯು ದ್ಯೂತದಲ್ಲಿಯೂ ಕಲಿಯತಕ್ಕ ವಿದ್ಯೆಯುಂಟೆಂದು ಹೇಳುತ್ತದೆ. ಶಕುನಿಗಿಂತ ಕುಶಲನು ಯಾರಿದ್ದನು? ಸಭಾಪರ್ವದಲ್ಲಿ ಧರ್ಮರಾಯನು ಆಕ್ಷೇಪಿಸಿದುದು ಬೇರೊಂದನ್ನು: ಪಣವನ್ನು ಒಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ, ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ಸರಿಯಲ್ಲವೆಂದು. ತಿಳಿದೂ ಅವನು ಆಡಿದನು. ಮೊಬೈಲಿನ ಆಟದಲ್ಲಿಯೂ ಎದುರು ಕುಳಿತವನ ಮುಖವು ಕಾಣದು. ಆಟವನ್ನು ನಡೆಯಿಸುವವನಿಗೆ ಪ್ರತಿ ಆಟದಲ್ಲಿಯೂ ಪಾಲುಂಟು. ಅವನು ಮಾತ್ರ ಎಂದಿಗೂ ಸೋಲನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನು ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳಬೇಕೆಂದಿದೆ. ಆದರೆ ಆಟವು ಗೊತ್ತಾದ ಒಂದೇ ಸ್ಥಳದಲ್ಲಿ ನಡೆಯಬೇಕೆಂದೂ ಅಲ್ಲಿಯೇ ವಿಧಿಸಿದೆ. ಮನುವಾದರೋ ಅರಸನು ದ್ಯೂತವನ್ನು ನಾಡಿನಿಂದಲೇ ಅಟ್ಟಬೇಕೆಂದನು. ಈ ಎರಡು ಪಕ್ಷಗಳ ನಡುವಣ ವಾದವು ಇಂದಿಗೂ ಮುಗಿದಿಲ್ಲ. ನಮ್ಮ ರಾಜ್ಯವು ೨೦೨೧ರಲ್ಲಿ ಹಣವಿಟ್ಟ ಅಂತರಜಾಲದ ಆಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಆ ವಿಧಿಗಳನ್ನು ತೆಗೆದುಹಾಕಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬಿಟ್ಟು, ಅಂತಹ ಹಣದಾಟಗಳನ್ನೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು.

ಕಾಯಿದೆಯ ವಿಚಾರವು ಬಲ್ಲವರಿಗಿರಲಿ. ವಿಮರ್ಶಕನಾಗಿ ನನಗೆ ತೋರಿದುದು ಇಷ್ಟು: ಅವನು ಆಡಿದ ಆಟಕ್ಕೆ ಉಪಸಂಹಾರವಿಲ್ಲ. ಚೌಕಾಬಾರದಲ್ಲಿ ಕಾಯಿಗಳು ಹಣ್ಣಾಗುವುವು, ಚದುರಂಗದಲ್ಲಿ ರಾಜನು ಸಿಕ್ಕುವನು, ಇಪ್ಪತ್ತೆಂಟಿನಲ್ಲಿ ಎಲೆಗಳು ಮುಗಿಯುವುವು. ಅನಂತರ ಎಲ್ಲರೂ ಮತ್ತೆ ಸಮಾನರು. ಹಣವನ್ನು ಒಡ್ಡಿದೊಡನೆ ಒಂದು ಆಟದ ಸೋಲು ಮುಂದಿನ ಆಟದ ಆರಂಭಕ್ಕೆ ಬಂದು ಕುಳಿತುಕೊಳ್ಳುವುದು. ಅಳಗುಳಿಯಲ್ಲಿ ಮುಚ್ಚಿದ ಗುಳಿಗಳಂತೆ ಮನೆಯಲ್ಲಿ ಒಂದೊಂದೇ ಗುಳಿ ಮುಚ್ಚುತ್ತ ಬರುವುದು: ಮಗುವಿನ ಶಾಲೆಯ ಶುಲ್ಕ, ಹೆಂಡತಿಯ ಬಳೆ, ತಾಯಿಯ ಔಷಧಿ. ಮಣೆಯಲ್ಲಾದರೂ ಬೀಜಗಳು ಮುಗಿದರೆ ಆಟವು ನಿಲ್ಲುವುದು. ಇಲ್ಲಿ ಸಾಲವನ್ನು ತಂದು ತುಂಬಬಹುದಾದುದರಿಂದ ಅದೂ ನಿಲ್ಲದು. ಅವನಲ್ಲಿ ಕೌಶಲವು ಕಡಿಮೆಯಾಗಿತ್ತೆಂದಲ್ಲ; ಕೊನೆಯಿಲ್ಲದ ಆಟವನ್ನು ಆಟವೆಂದು ತಿಳಿದುದೇ ತಪ್ಪು.

ಇದನ್ನು ಅವನಿಗೆ ಹೇಳಬೇಕೆಂದು ಒಂದು ಭಾನುವಾರ ಕರೆಯಿಸಿದೆನು. ಚೌಕಾಬಾರಕ್ಕೆ ಕುಳಿತವನು ಮೊದಲು ಕೇಳಿದುದು, “ಏನು ಕಟ್ಟಬೇಕು ಮೇಷ್ಟ್ರೇ?” ಎಂದು. ಮೊಮ್ಮಗಳು, “ಏನೂ ಇಲ್ಲ ಮಾಮ, ಸೋತವರು ಕವಡೆ ಎತ್ತಿಟ್ಟು ನೆಲ ಒರಸಬೇಕು, ಅಷ್ಟೇ,” ಎಂದಳು. ಅವನೇ ಸೋತನು; ನಗುತ್ತಲೇ ಒರಸಿದನು. ಹೊರಡುವಾಗ, ಮೂವತ್ತು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಅವನನ್ನು ಕೇಳಿದೆನು. “ಹಣವೆಲ್ಲಿಂದ ಬರಬೇಕು ಮೇಷ್ಟ್ರೇ? ಇಪ್ಪತ್ತೆಂಟು ಆಡುತ್ತಿದ್ದೆವು. ಸೋತ ಜೊತೆ ಗೆದ್ದ ಜೊತೆಯ ಪುಸ್ತಕದ ಚೀಲ ಹೊರಬೇಕಾಗಿತ್ತು,” ಎಂದನು.

ನಾನು ಅಂದು ಎಲೆಗಳನ್ನು ಸುಡಿಸಿದುದರಿಂದಲೇ ಅವನು ಮುಂದೆ ಒಬ್ಬನೇ ಕುಳಿತು ಮೊಬೈಲಿನಲ್ಲಿ ಆಡಿದನೆಂದು ಹೇಳಿದರೆ ಅತಿವ್ಯಾಪ್ತಿದೋಷವಾದೀತು. ಆದರೆ ನಾಲ್ವರು ಕೂಡಿ ಆಡುತ್ತಿದ್ದ ಒಂದು ಒಳ್ಳೆಯ ಆಟವನ್ನು ಪರೀಕ್ಷಿಸದೆ ದಂಡಿಸಿದೆನೆಂಬುದು ನಿಜ. ಅವನ ಸಾಲವು ಇನ್ನೂ ತೀರಿಲ್ಲ. ಬಿಡುವಾದ ಭಾನುವಾರ ಬರುತ್ತಾನೆ, ಎಲ್ಲ ಭಾನುವಾರವೂ ಅಲ್ಲ. ವಾಚಕ ಮಹಾಶಯರ ಮನೆಗಳಲ್ಲಿ ಮಕ್ಕಳು ಎಲೆಯನ್ನೋ ಕವಡೆಯನ್ನೋ ಹಿಡಿದು ಕುಳಿತಿರುವುದನ್ನು ಕಂಡರೆ, ಕಸಿದುಕೊಳ್ಳುವುದಕ್ಕೆ ಮೊದಲು ಒಂದು ಗಳಿಗೆ ಪಕ್ಕದಲ್ಲಿ ಕುಳಿತು, ಈ ಆಟವು ಹೇಗೆ ಮುಗಿಯುವುದೆಂದು ಕೇಳಬೇಕಾಗಿ ಪ್ರಾರ್ಥಿಸುತ್ತೇನೆ.